ಪಕ್ಕದ ಸೀಟಿಗೆ ಪ್ರಯಾಣಿಕರು ಬೇಕಾಗಿದ್ದಾರೆ

ಎಪ್ಪತ್ತರ ದಶಕದ ನಡುವಿನಲ್ಲಿ ಡೆಟ್ರಾಯ್ಟಿನ ಸುತ್ತಮುತ್ತ ನಮ್ಮವರಿಗೆ ಅಂತ ಒಂದು ದೇವಸ್ಥಾನ ಇರಲಿಲ್ಲ. ಹಾಗಾಗಿ ಊರಿನಿಂದ ಬಂದ ನೆಂಟರನ್ನು ನಾವು ಒಂದು ಸೈಕಲ್ ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದೆವು. ಮೊಟ್ಟಮೊದಲು ಇಂಜಿನ್ ಇಟ್ಟ ವಿಮಾನವನ್ನು ಹಾರಿಸಿದ ಅಣ್ಣತಮ್ಮಂದಿರ ಅಂಗಡಿ ಅದು. ಅವರು ಬದುಕಿದ್ದು, ಸೈಕಲ್ ರಿಪೇರಿ ಮಾಡಿದ್ದು ಪಕ್ಕದ ಒಹಾಯೋದಲ್ಲಿ. ಕಾರು ಮಾರಿ ಕುಬೇರನಾಗಿದ್ದ ಡೆಟ್ರಾಯ್ಟಿನ ಒಬ್ಬ ದೊಡ್ಡ ಮನುಷ್ಯ ಆ ಅಂಗಡಿಯನ್ನು ಇಡಿಯಾಗಿ ಕಿತ್ತು ತಂದು ತನ್ನ ಮ್ಯೂಸಿಯಂ ಹಳ್ಳಿಯಲ್ಲಿ ನೆಟ್ಟಿದ್ದ. ದುಡ್ಡಿದ್ದವರು ಅಂಗಡಿಯನ್ನೂ ಹೆಣ್ಣಿನ ಹಾಗೆ ತವರಿನಿಂದ ಮದುವೆ ಮಾಡಿಕೊಂಡು ತರಬಹುದು.

ಆ ಕ್ಷೇತ್ರಕ್ಕೆ ಅರ್ಚಕರು ನನ್ನ ಯಜಮಾನರು. ಕಾರಿನ ಬಾಗಿಲಿನ ಹಿಡಿಗಳನ್ನು ವಿನ್ಯಾಸ ಮಾಡುವುದು ಅವರ ವೃತ್ತಿ, ವಿಮಾನದ ರೆಕ್ಕೆಯ ಬಗ್ಗೆ ಮಾತಾಡುವುದು ಪ್ರವೃತ್ತಿ. ಅಂಗಡಿಯ ಮುಂದೆ ನಿಂತರೆಂದರೆ ಕೋಟಿನ ಜೇಬಿನಿಂದ ಒಂದು ಉದ್ದನೆಯ ರಟ್ಟಿನ ಡಬ್ಬಿ ತೆಗೆಯುತ್ತಿದ್ದರು. ಆ ಅಣ್ಣತಮ್ಮಂದಿರಲ್ಲಿ ಅಣ್ಣ ಒಂದು ದಿನ ಸೈಕಲ್ ಟ್ಯೂಬಿನ ಖಾಲಿ ಡಬ್ಬಿಯನ್ನು ಸುಮ್ಮನೆ ತಿರುಚುತ್ತಾ ನಿಂತಿದ್ದಾಗ, ರೆಕ್ಕೆಯನ್ನೂ ಹೀಗೇ ತಿರುಚಿ ವಿಮಾನವನ್ನು ಹತೋಟಿಯಲ್ಲಿ ಇಡಬಹುದು ಅಂತ ಹೊಳೆಯಿತಂತೆ. ಆ ಕಥೆಯನ್ನು ಯಜಮಾನರು ಡಬ್ಬಿ ತಿರುಚಿ ತಿರುಚಿ ಹೇಳುತ್ತಿದ್ದರು. ನಾನು ಒಂದು ಮಗುವನ್ನು ಕಂಕುಳಲ್ಲಿ, ಇನ್ನೊಂದನ್ನು ಕೈಯಲ್ಲಿ ಹಿಡಿದು, ಚಪಾತಿ ಪಲ್ಯದ ಚೀಲ ಹೊತ್ತು ಹಿಂದೆ ನಿಲ್ಲುತ್ತಿದ್ದೆ. ಮೈಸೂರಿನಲ್ಲಿ ಬಿ.ಎಸ್ಸಿ. ಫಿಸಿಕ್ಸ್ ಓದಿದವಳು ನಾನು. ಅದು ಯಾರಿಗೂ ನೆನಪಿರಲಿಲ್ಲ, ಒಮ್ಮೊಮ್ಮೆ ನನಗೂ.

ಉಪನ್ಯಾಸ ಮುಗಿದ ಮೇಲೆ ಮಂಗಳಾರತಿ ಎತ್ತುತ್ತಿದ್ದವರು ಧಾರವಾಡದ ಡಾಕ್ಟರು. ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ನಮ್ಮ ಮನೆಯಿಂದ ಎರಡು ಮೈಲಿ ಆಚೆ ಅವರ ಮನೆ. ಯಾರ ನೆಂಟರು ಬಂದರೂ ಜೊತೆಗೆ ಹೊರಡುತ್ತಿದ್ದರು.

"ಎಲ್ಲಾ ಖರೇ ಅದ," ಅನ್ನುತ್ತಿದ್ದರು. "ಆದ್ರ ನಮ್ಮೋರು ರಾಮಾಯಣದ ಕಾಲದಾಗನ ಹಾರ್ಯಾಡಿದ್ರು. ಪುಷ್ಪಕದಾಗ ಎಷ್ಟು ಮಂದಿ ಕೂತ್ರೂ ಇನ್ನೊಂದು ಸೀಟು ಖಾಲಿ ಇರ್ತಿತ್ತು. ಈ ಸೈಕಲ್ ರಿಪೇರಿ ಮಂದಿ ನಿನ್ನೆ ಮೊನ್ನೆ ಬಂದಾರ."

ನೆಂಟರು ತಲೆದೂಗುತ್ತಿದ್ದರು. ಯಾರಿಗೂ ಖರ್ಚಿಲ್ಲದ ಹೆಮ್ಮೆ ಅದು.

ಮಕ್ಕಳಿಬ್ಬರೂ ಸ್ಕೂಲಿಗೆ ಹೋಗಲು ಶುರು ಮಾಡಿದ ಮೇಲೆ ನಾನು ಊರಿನ ಲೈಬ್ರರಿಯಲ್ಲಿ ಅರ್ಧ ದಿನದ ಕೆಲಸಕ್ಕೆ ಸೇರಿದೆ. ಅಲ್ಲಿ ವಿಮಾನದ ಪುಸ್ತಕಗಳಿಗೆ ಒಂದು ಇಡೀ ಕಪಾಟು ಇತ್ತು. ಅಣ್ಣತಮ್ಮಂದಿರ ಬಗ್ಗೆ ನನಗೆ ಆಗಲೇ ವಾಕರಿಕೆ ಬರುವಷ್ಟು ಗೊತ್ತಿತ್ತು. ಉಳಿದವರ ಬಗ್ಗೆ ಓದಿದೆ. ಷಿಕಾಗೋದ ಕ್ಷೌರದಂಗಡಿಯಲ್ಲಿ ಗಂಡಸರ ಉಗುರು ತಿದ್ದುತ್ತಿದ್ದ ಕಪ್ಪು ಹೆಣ್ಣುಮಗಳೊಬ್ಬಳಿಗೆ ಈ ದೇಶದ ಒಂದು ಶಾಲೆಯೂ ವಿಮಾನ ಕಲಿಸಲು ಒಪ್ಪಲಿಲ್ಲವಂತೆ. ಅವಳು ಸಂಜೆ ಹೊತ್ತು ಫ್ರೆಂಚ್ ಕಲಿತು, ಹಡಗು ಹತ್ತಿ ಫ್ರಾನ್ಸಿಗೆ ಹೋಗಿ, ಅಲ್ಲಿ ಲೈಸೆನ್ಸ್ ತೆಗೆದುಕೊಂಡು ವಾಪಸ್ ಬಂದಳು. ನನಗೆ ಹಡಗು ಹತ್ತುವ ಕಷ್ಟವೂ ಇರಲಿಲ್ಲ. ನಾರ್ತ್‌ವಿಲ್ ದಾಟಿ ಸ್ವಲ್ಪ ದೂರ ಹೋದರೆ ಜೋಳದ ಹೊಲಗಳ ಮಧ್ಯೆ ಒಂದು ಪುಟ್ಟ ಏರ್‌ಫೀಲ್ಡ್, ಅದರ ಬೇಲಿಗೆ "ಹಾರುವುದು ಕಲಿಯಿರಿ" ಅನ್ನುವ ಬೋರ್ಡು. ಆ ಬೋರ್ಡಿನಲ್ಲಿ ಗಂಡಸರು ಮಾತ್ರ ಅಂತ ಬರೆದಿರಲಿಲ್ಲ.

ಕಲಿಯಲು ಸೇರುತ್ತೇನೆ ಅಂದಾಗ ಯಜಮಾನರು ಬೇಡ ಅನ್ನಲಿಲ್ಲ. ಮೊದಲನೇ ಸಲ ವಾಂತಿ ಆದರೆ ಸರಿಹೋಗುತ್ತಾಳೆ ಅಂದುಕೊಂಡಿದ್ದರು. ವಾಂತಿ ಆಯಿತು, ಆದರೆ ಸರಿಹೋಗಲಿಲ್ಲ. ಕಲಿಸುತ್ತಿದ್ದ ಮುದುಕ ಮಾತಿನಲ್ಲಿ ಜಿಪುಣ. ನಾನು ಸೀರೆ ಬಿಟ್ಟು ಪ್ಯಾಂಟ್ ಹಾಕಿಕೊಂಡು ಹೋದ ದಿನ, "ಕಾಲಿಗೆ ಏನೂ ಸಿಕ್ಕಿಕೊಳ್ಳಬಾರದು, ಉಳಿದದ್ದು ನಿನ್ನಿಷ್ಟ," ಅಂದ. ಎರಡು ಬೇಸಿಗೆ ಕಳೆಯುವ ಹೊತ್ತಿಗೆ ಒಬ್ಬಳೇ ಹಾರಿದೆ, ಒಬ್ಬಳೇ ಇಳಿದೆ, ಪರೀಕ್ಷೆ ಪಾಸಾಗಿ ಲೈಸೆನ್ಸ್ ತೆಗೆದುಕೊಂಡೆ. ಇನ್ನು ಪಕ್ಕದ ಸೀಟಿನಲ್ಲಿ ಒಬ್ಬರನ್ನು ಕೂರಿಸಿಕೊಳ್ಳಬಹುದಿತ್ತು.

ಆ ಶನಿವಾರ ನಮ್ಮ ಬೇಸ್‌ಮೆಂಟಿನಲ್ಲಿ ಕನ್ನಡದವರೆಲ್ಲ ಊಟಕ್ಕೆ ಸೇರಿದ್ದರು. ಬಿಸಿಬೇಳೆಬಾತ್ ಬಡಿಸುತ್ತಾ ಸುದ್ದಿ ಹೇಳಿದೆ. ಎಲ್ಲರೂ ತಟ್ಟೆ ನೋಡಿಕೊಂಡರು. ಒಬ್ಬ ಆಂಟಿ, "ಅಷ್ಟು ಹೊತ್ತು ಮಕ್ಕಳನ್ನ ಯಾರು ನೋಡ್ಕೊಳ್ತಿದ್ರು?" ಅಂದರು. ಅದು ಅಭಿನಂದನೆ. ಡಾಕ್ಟರು ಮಾತ್ರ ಎದೆ ತಟ್ಟಿಕೊಂಡರು.

"ಫಸ್ಟ್ ಪ್ಯಾಸೆಂಜರ್ ನಾನ ರೀ. ಪುಷ್ಪಕದ ವಂಶದಾಗ ಹುಟ್ಟಿದಾಂವ ನಾನು, ಅಂಜ್ತೀನೇನು?"

ಮುಂದಿನ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಅಂತ ನಿಶ್ಚಯವಾಯಿತು. ಬೆಳಿಗ್ಗೆ ಗಾಳಿ ಕಡಿಮೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನನಗಲ್ಲ, ಡಾಕ್ಟರಿಗೆ.

ನನಗೆ ಬೇಕಾಗಿದ್ದವರು ಡಾಕ್ಟರಲ್ಲ. ಆ ಸೀಟಿನಲ್ಲಿ ನನ್ನ ಗಂಡ ಕೂರಬೇಕಿತ್ತು, ಒಂದೇ ಒಂದು ಸಲ. ಊರಿಗೆಲ್ಲ ರೆಕ್ಕೆ ತಿರುಚಿ ತೋರಿಸಿದವರು ನಾನು ರೆಕ್ಕೆ ವಾಲಿಸುವುದನ್ನು ನೋಡಬೇಕಿತ್ತು. ಎಲ್ಲರೂ ಹೋದ ಮೇಲೆ ಪಾತ್ರೆ ಎತ್ತುತ್ತಾ ಕೇಳಿಯೂ ಬಿಟ್ಟೆ.

"ಆ ಅಣ್ಣತಮ್ಮಂದಿರು ಒಟ್ಟಿಗೆ ಹಾರ್ತಿರಲಿಲ್ಲ, ಗೊತ್ತಲ್ಲ?" ಅಂದರು. "ಅವರಪ್ಪನಿಗೆ ಮಾತು ಕೊಟ್ಟಿದ್ರು. ಒಬ್ಬರಿಗೆ ಏನಾದ್ರೂ ಆದ್ರೆ ಇನ್ನೊಬ್ಬರು ಉಳೀಬೇಕು ಅಂತ. ನಮಗೆ ಮಕ್ಕಳಿದಾರೆ ಕಣೆ. ಅಪ್ಪ ಅಮ್ಮ ಇಬ್ಬರೂ ಒಂದೇ ವಿಮಾನದಲ್ಲಿ ಹೋಗೋದು ಸರಿಯಲ್ಲ."

ಶಾಸ್ತ್ರ ಹೇಳೋಕೆ, ಬದನೆಕಾಯಿ ತಿನ್ನೋಕೆ. ಅದೇ ಅಣ್ಣತಮ್ಮಂದಿರ ಕಥೆಯಲ್ಲಿ ಮುಂದೆ ಏನಿದೆ ಅಂತ ನನಗೆ ಗೊತ್ತಿತ್ತು. ಕೆಲವು ವರ್ಷ ಕಳೆದ ಮೇಲೆ ಅಣ್ಣತಮ್ಮಂದಿರು ತಂದೆಯ ಒಪ್ಪಿಗೆ ಪಡೆದು ಒಂದು ಸಲ ಒಟ್ಟಿಗೆ ಹಾರಿದರು. ಅವತ್ತೇ ಎಂಬತ್ತು ದಾಟಿದ ಆ ತಂದೆಯೂ ಮಗನ ಪಕ್ಕ ಕೂತು ಮೇಲೆ ಹೋದರು, ಇನ್ನೂ ಮೇಲೆ ಹೋಗು ಅಂತ ಮಗನಿಗೆ ಹೇಳಿದರು. ಯಜಮಾನರ ಉಪನ್ಯಾಸ ಯಾವಾಗಲೂ ಅದಕ್ಕಿಂತ ಮುಂಚೆಯೇ ಮುಗಿಯುತ್ತಿತ್ತು. ನಾನು ಅದನ್ನು ಹೇಳಲಿಲ್ಲ. ವಾದದಲ್ಲಿ ಸೋಲಿಸಿ ಕರೆತಂದ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಏನು ಸುಖ? ತಾವಾಗಿ ಬರಲಿ ಅಂತ ಆಸೆ ನನಗೆ.

ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ನಮ್ಮತ್ತೆ ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಆರು ತಿಂಗಳಿಗೆ ಅಂತ ಮೈಸೂರಿನಿಂದ ಬಂದಿದ್ದರು. ಕಾಫಿ ಲೋಟ ತೊಳೆದಿಟ್ಟು ಮಲಗಲು ಹೋದರು.

ಭಾನುವಾರ ಬೆಳಿಗ್ಗೆ ಏಳೂವರೆಗೆ ನಾವೆಲ್ಲ ಏರ್‌ಫೀಲ್ಡಿಗೆ ಹೊರಡುವ ಹೊತ್ತಿಗೆ ಡಾಕ್ಟರ ಫೋನು.

"ಒಂದು ಸಣ್ಣ ತ್ರಾಸ ಆಗೇದ ರೀ. ಪಂಚಾಂಗ ನೋಡಿದೆ. ಊರಾಗ ಸಂಜೀಕ ನಾಕೂವರೀಗೆ ರಾಹುಕಾಲ ಶುರು. ಅಂದ್ರ ನಮ್ಮ ಗಡಿಯಾರದಾಗ ಈಗ ಅದು ನಡದದ, ಎಂಟೂವರೀ ತನಕ."

"ಅದು ಅಲ್ಲಿಯ ಸೂರ್ಯನ ಲೆಕ್ಕ ಅಲ್ವಾ ಡಾಕ್ಟ್ರೇ? ಇಲ್ಲಿಯ ರಾಹುಕಾಲ ಸಂಜೆ ಬರುತ್ತೆ. ಎಂಟೂವರೆ ಆದ್ಮೇಲೆ ಹೋಗೋಣ ಬನ್ನಿ."

"ಇಲ್ಲಿಂದೂ ಬಿಡಬಾರದು, ಅಲ್ಲಿಂದೂ ಬಿಡಬಾರದು. ಎರಡೂ ಬಿಟ್ಟು ನೋಡಿದ್ರ ಇವತ್ತು ಹೊಂದಂಗಿಲ್ಲ. ಮುಂದ ನೋಡೋಣ್ರಿ."

ಫೋನಿಟ್ಟು ಅತ್ತೆಗೆ ಹೇಳಿದೆ. ಅವರು ಊರಿನಲ್ಲಿ ರಾಹುಕಾಲ ನೋಡದೆ ಹಾಲಿಗೆ ಹೆಪ್ಪು ಹಾಕದವರು.

"ರಾಹು ಇಲ್ಲಿಗೆ ಬರಬೇಕಾದ್ರೆ ಅವನಿಗೂ ವೀಸಾ ಬೇಕಲ್ಲಮ್ಮ," ಅಂದರು. ಸ್ವೆಟರ್ ಹಾಕಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಸೀಟು ಯಾಕೆ ಖಾಲಿ ಇಡ್ತೀಯ? ನಾನು ಬರ್ತೀನಿ."

ಯಜಮಾನರು ಬಿಳಿಚಿಕೊಂಡರು. "ಅಮ್ಮಾ, ನಿಂಗೆ ಬಿ.ಪಿ. ಇದೆ."

"ಅದು ನೆಲದ ಮೇಲೂ ಇದೆ."

ಅತ್ತೆಯನ್ನು ವಿಮಾನಕ್ಕೆ ಹತ್ತಿಸಿ ಅವರ ಬೆಲ್ಟನ್ನು ಎರಡೆರಡು ಸಲ ಎಳೆದು ನೋಡಿದೆ. ಏನಾದರೂ ಆದರೆ ಸೊಸೆ ಅತ್ತೆಯನ್ನು ಆಕಾಶದಲ್ಲಿ ಮುಗಿಸಿದಳು ಅಂತ ಮೈಸೂರಿನವರೆಗೂ ಸುದ್ದಿಯಾಗುತ್ತಿತ್ತು. ಓಡುತ್ತಾ ಓಡುತ್ತಾ ಚಕ್ರ ನೆಲ ಬಿಟ್ಟಾಗ ಅವರು ಕಣ್ಣು ಮುಚ್ಚಿಕೊಂಡು ವಿಷ್ಣುಸಹಸ್ರನಾಮ ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಅದು ನಿಂತಿತು. ನೋಡಿದರೆ ಕಿಟಕಿಗೆ ಹಣೆ ಆನಿಸಿ ಕೆಳಗೆ ನೋಡುತ್ತಿದ್ದರು. ಅಕ್ಟೋಬರಿನ ಮರಗಳೆಲ್ಲ ಕೆಂಪಾಗಿದ್ದವು. ಬೇಲಿಯ ಹತ್ತಿರ ಯಜಮಾನರು ಎರಡು ಮಕ್ಕಳ ಕೈ ಹಿಡಿದು ನಿಂತಿದ್ದರು.

"ಇಲ್ಲಿಂದ ನೋಡಿದ್ರೆ ಎಷ್ಟು ಸಣ್ಣವನು," ಅಂದರು ಅತ್ತೆ.

ಇಳಿದ ಮೇಲೆ ಯಜಮಾನರು ಅವರನ್ನು ಕೇಳಿದರು, "ಭಯ ಆಗ್ಲಿಲ್ವೇನಮ್ಮ?"

"ಆಯ್ತು. ನಿಮ್ಮಪ್ಪನ ಸ್ಕೂಟರ್ ಹಿಂದೆ ಕೂತಾಗ್ಲೂ ಆಗ್ತಿತ್ತು. ಆದ್ರೂ ಕರೆದಾಗೆಲ್ಲ ಕೂತೆ."

ಯಜಮಾನರು ನಕ್ಕರು, ನನ್ನ ಕಡೆ ನೋಡಲಿಲ್ಲ. ವಿಮಾನ ಇನ್ನೂ ಅಲ್ಲೇ ನಿಂತಿತ್ತು, ಸೀಟು ಖಾಲಿ ಇತ್ತು, ಗಾಳಿಯೂ ಇರಲಿಲ್ಲ. ನಾನು ಒಂದು ನಿಮಿಷ ಕಾದೆ. "ಮೋಡ ಬರ್ತಿದೆ ಅನ್ಸುತ್ತೆ, ಹೊರಡೋಣ," ಅಂದರು. ಅಷ್ಟು ಕೆಟ್ಟದಾಗಿ ಅದಕ್ಕಿಂತ ಮುಂಚೆ ನನಗೆ ಅವಮಾನ ಆಗಿರಲಿಲ್ಲ.

ಹೊರಡುವ ಹೊತ್ತಿಗೆ ನಿಜವಾಗಿಯೂ ಮಳೆ ಹನಿಯಲು ಶುರುವಾಯಿತು. ಎಂದಿನಂತೆ ಅವರೇ ಡ್ರೈವ್ ಮಾಡುತ್ತಿದ್ದರು. ನನಗೂ ಕಾರಿನ ಲೈಸೆನ್ಸ್ ಇತ್ತು, ಆದರೆ ನಾವಿಬ್ಬರೂ ಕಾರಿನಲ್ಲಿದ್ದರೆ ಸ್ಟಿಯರಿಂಗ್ ಅವರದು. ನಮ್ಮಲ್ಲಿ ಯಾರ ಮನೆಯಲ್ಲೂ ಬೇರೆ ಥರ ಇರಲಿಲ್ಲ. ಫ್ರೀವೇಗೆ ಬಂದ ಮೇಲೆ ಐವತ್ತೈದು ಮೈಲಿ ಮಿತಿಯ ರಸ್ತೆಯಲ್ಲಿ ವೇಗವನ್ನು ಎಪ್ಪತ್ತಕ್ಕೆ ಏರಿಸಿದರು. ಎರಡೂ ಕಡೆ ಲಾರಿಗಳು ನೀರು ಎರಚುತ್ತಿದ್ದವು. ಹಿಂದಿನ ಸೀಟಿನಲ್ಲಿ ಮಕ್ಕಳ ಮಧ್ಯೆ ಕೂತಿದ್ದ ಅತ್ತೆ ಇದ್ದಕ್ಕಿದ್ದಂತೆ, "ಗಾಡಿ ನಿಲ್ಲಿಸು," ಅಂದರು.

"ಏನಾಯ್ತಮ್ಮ?"

"ನಿಮ್ಮಿಬ್ಬರಲ್ಲಿ ಒಬ್ಬರು ಇಳೀಬೇಕು. ಅಪ್ಪ ಅಮ್ಮ ಒಂದೇ ಗಾಡೀಲಿ ಹೋಗಬಾರದು ಅಂತ ನೀನೇ ಅಲ್ವಾ ಹೇಳಿದ್ದು?"

"ಅಮ್ಮಾ, ಇದು ಕಾರು."

"ಗೊತ್ತು. ಅವಳ ಜೊತೆ ಹೋದಾಗ ಅಕ್ಕಪಕ್ಕ ಲಾರಿ ಇರಲಿಲ್ಲ."

"ಅಜ್ಜಿ ಈಸ್ ರೈಟ್, ಡ್ಯಾಡ್," ಅಂದಳು ಮಗಳು.

ಯಜಮಾನರು ಮುಂದಿನ ಎಕ್ಸಿಟ್ ತೆಗೆದುಕೊಂಡು ಒಂದು ಗ್ಯಾಸ್ ಸ್ಟೇಷನ್ನಿನ ಪಕ್ಕ ನಿಲ್ಲಿಸಿದರು. ವೈಪರ್ ಒಂದೇ ಓಡುತ್ತಿತ್ತು. ಸಿಟ್ಟು ಬಂದಿದೆ ಅಂದುಕೊಂಡೆ. ಅವರು ಸ್ಟಿಯರಿಂಗ್ ನೋಡುತ್ತಾ ಮೆಲ್ಲಗೆ ಹೇಳಿದರು.

"ನಂಗೆ ವಿಮಾನಕ್ಕೆ ಹೆದರಿಕೆ ಅಲ್ಲ ಕಣೆ. ಅಲ್ಲಿ ಎಲ್ಲಾ ನೀನೇ ಮಾಡ್ತಿರ್ತೀಯ. ನಾನು ಕೈ ಕಟ್ಕೊಂಡು ಸುಮ್ನೆ ಕೂತಿರಬೇಕು. ನಂಗೆ ಅದು ಬರಲ್ಲ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಇಷ್ಟು ವರ್ಷದ ಉಪನ್ಯಾಸಗಳಲ್ಲಿ ಅವರು ಹೇಳಿದ ಮೊದಲನೇ ನಿಜ ಅದು.

"ಕಲೀಬಹುದು," ಅಂದೆ. "ಕಷ್ಟ ಏನಿಲ್ಲ. ಮದುವೆ ಆದಾಗಿನಿಂದ ನಾನು ಅದನ್ನೇ ಮಾಡ್ತಾ ಇದೀನಿ."

ಅವರು ಬಾಗಿಲು ತೆರೆದು ಇಳಿದರು, ಮಳೆಯಲ್ಲಿ ನೆನೆಯುತ್ತಾ ಕಾರಿನ ಮುಂದಿನಿಂದ ಸುತ್ತಿಕೊಂಡು ಬಂದು ನನ್ನ ಕಡೆಯ ಬಾಗಿಲು ತೆಗೆದರು. ನಾನು ಸ್ಟಿಯರಿಂಗಿನ ಕಡೆಗೆ ಜರುಗಿದೆ. ಅವರು ನನ್ನ ಜಾಗದಲ್ಲಿ ಕೂತು, ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಹೊರಡು," ಅಂದರು.

ಹೊರಟೆ. ಮನೆ ಸೇರುವವರೆಗೂ ಅವರ ಕೈ ತೊಡೆಯ ಮೇಲೆಯೇ ಇತ್ತು. ಬಲಗಾಲು ಮಾತ್ರ, ಆ ಕಡೆ ಇಲ್ಲದ ಬ್ರೇಕನ್ನು ದಾರಿಯುದ್ದಕ್ಕೂ ಒತ್ತುತ್ತಲೇ ಇತ್ತು.