ಕೇಳಿಸ್ತು ಅನ್ನುವವರೆಗೂ

ಅವನ ವಿಷಯ ನಾನು ಮೊದಲು ಕೇಳಿದ್ದು ರೇಡಿಯೋದಲ್ಲಿ. ಬೆಳಗಿನ ಮಂಜಿನಲ್ಲಿ ನಮ್ಮ ಯುದ್ಧನೌಕೆಗೂ ಪಕ್ಕದ ದೇಶದ ಯುದ್ಧನೌಕೆಗೂ ಡಿಕ್ಕಿಯಾಗಿ ನಾವಿಕರು ಮುಳುಗಿದ್ದಾರೆ, ನಮ್ಮ ನೌಕೆಯ ಮುಂತುದಿಯಲ್ಲಿ ನಿಂತು ಎದುರಿಗೇನಿದೆಯೆಂದು ನೋಡಬೇಕಾದವನು ನಿದ್ದೆಹೋಗಿದ್ದನೆಂಬ ಶಂಕೆಯಿದೆ, ಎಂದಿತು. ಆಗ ನಮ್ಮವರು ಇನ್ನೂ ಇದ್ದರು. ಗಡ್ಡ ಹೆರೆಯುತ್ತಾ, "ನಿದ್ದೆಬುರುಕ ನನ್ಮಗ!" ಎಂದು ರೇಡಿಯೋಗೇ ಬೈದರು.

ಮುಂದಿನ ವರ್ಷ ಅದೇ ನಿದ್ದೆಬುರುಕ ನಮ್ಮ ಹಿಂದಿನ ಕೋಣೆಗೆ ಬಾಡಿಗೆಗೆ ಬಂದ. ತಾನು ಯಾರೆಂದು ಅವನೇ ಹೇಳಿದ. ನಮ್ಮವರು ಗಲ್ಲ ಸವರಿಕೊಂಡು, "ಚಿಲಕ ಸ್ವಲ್ಪ ಬಿಗಿ, ನೋಡ್ಕೊಳಪ್ಪಾ" ಎಂದರಷ್ಟೆ.

ನೌಕೆಯಿಂದ ಅವನನ್ನು ಕಳಿಸಿಬಿಟ್ಟಿದ್ದರು. ಬಸ್ ಡಿಪೋದಲ್ಲಿ, ಬಸ್ಸು ಹಿಂದಕ್ಕೆ ಬರುವಾಗ ನಿಂತು ದಾರಿ ಹೇಳುವ ಕೆಲಸ ಸಿಕ್ಕಿತ್ತು. ನೌಕೆಯಲ್ಲಿ ಕಂಡದ್ದನ್ನು ಕೂಗಬೇಕಂತೆ, ಮೇಲೆ ಚುಕ್ಕಾಣಿ ಕೋಣೆಯವರು "ಕೇಳಿಸ್ತು" ಎನ್ನುವವರೆಗೂ ಕೂಗುತ್ತಲೇ ಇರಬೇಕಂತೆ. ಆ ಪದ್ಧತಿಯನ್ನು ಅವನು ಡಿಪೋಗೂ ತಂದ.

"ಎಡಕ್ಕೆ ಕಂಬ!"

ಡ್ರೈವರ್ ಸುಮ್ಮನಿದ್ದರೆ ಇವನು ಬಸ್ಸಿನ ಹಿಂದಿನಿಂದ ಕದಲುತ್ತಿರಲಿಲ್ಲ.

"ಕೇಳಿಸ್ತು ಕಣೋ ಮಾರಾಯ! ನೀನು ಎದ್ದಿದ್ದೀಯಾ ತಾನೇ?"

"ನಾನು ಎದ್ದೇ ಇದ್ದೀನಿ. ನಿನ್ನ ಕಿವಿ ಎದ್ದಿದೆಯಾ ನೋಡ್ಕೋ."

ಮನೆಯಲ್ಲೂ ಅಷ್ಟೇ. "ಅಕ್ಕಾ, ಹಾಲು ಉಕ್ತಾ ಇದೆ!" ಎಂದರೆ ನಾನು ಒಲೆ ಆರಿಸಿದರೆ ಸಾಲದು, ಬಾಯಿಬಿಟ್ಟು "ಕೇಳಿಸ್ತು" ಎನ್ನಲೇಬೇಕು.

ಡಿಕ್ಕಿಯಾದ ಆ ಬೆಳಗ್ಗೆಯೂ ಕೂಗಿದ್ದನಂತೆ. ಮೇಲಿನಿಂದ ಉತ್ತರ ಬರಲಿಲ್ಲವಂತೆ. ಮುಳುಗಿದವರಲ್ಲಿ ಅವನ ಹೆಂಡತಿಯ ತಮ್ಮನೂ ಒಬ್ಬ. ಅವಳು ತವರಿಗೆ ಹೋಗಿ ಕೂತಳು. "ನಾಲ್ಕಾರು ದೇಶದವರು ಸೇರಿ ವಿಚಾರಣೆ ಮಾಡ್ತಿದ್ದಾರಲ್ಲ, ವರದಿ ಬರ್ಲಿ. ನೀವು ಕೂಗಿದ್ದು ನಿಜ ಅಂತ ಅದ್ರಲ್ಲಿದ್ರೆ ಆವತ್ತೇ ಬರ್ತೀನಿ" ಎಂದಿದ್ದಳು.

ವರದಿ ತಯಾರಾಯಿತು. ಚುನಾವಣೆ ಹತ್ತಿರವಿದೆ, ಈಗ ಬೇಡ ಎಂದರು ಸರ್ಕಾರದವರು. ಚುನಾವಣೆ ಮುಗಿಯಿತು. ಪಕ್ಕದ ದೇಶದ ಪ್ರಧಾನಿ ಬರುತ್ತಿದ್ದಾರೆ, ಮನೆಗೆ ಬಂದವರ ಮುಂದೆ ಇದೆಲ್ಲ ಚೆನ್ನಾಗಿರುವುದಿಲ್ಲ ಎಂದರು. ಅವರು ಉಂಡು ಹೋದ ಮೇಲೆ ಅನುವಾದ ನಡೆಯುತ್ತಿದೆ ಎಂದರು. ಒಂದೊಂದು ಸಲ ತಾರೀಖು ಹೇಳಿದಾಗಲೂ ಇವನು, ಹೆಂಡತಿ ಬರುತ್ತಾಳೆಂದು ಕೋಣೆಗೆ ಸುಣ್ಣ ಹೊಡೆಯುತ್ತಿದ್ದ. "ಸರ್ಕಾರ ಹೀಗೇ ಮಾಡ್ತಿದ್ರೆ ಗೋಡೆ ದಪ್ಪಗಾಗಿ ನನ್ನ ಕೋಣೆ ಚಿಕ್ಕದಾಗುತ್ತಲ್ಲೋ" ಎಂದು ನಮ್ಮವರು ನಗುತ್ತಿದ್ದರು.

"ವರದಿ ಎಲ್ಲಿ?" ಎಂದು ಬೀದಿಬೀದಿಯಲ್ಲಿ ಗಂಟಲು ಹರಿದುಕೊಂಡ ಪಕ್ಷವೇ ಕೊನೆಗೆ ಗೆದ್ದಿತು. ಇವನು ಡಿಪೋಗೆಲ್ಲ ಸಿಹಿ ಹಂಚಿದ. ಕುರ್ಚಿಯಲ್ಲಿ ಕೂತ ಮೇಲೆ ಅವರ ಗಂಟಲೂ ವಾಸಿಯಾಯಿತು. ಸೂಕ್ತ ಸಮಯದಲ್ಲಿ ಬಿಡುಗಡೆ ಮಾಡುತ್ತೇವೆ ಎಂದು ಬಹಳ ಮೆಲ್ಲಗೆ ಹೇಳಿದರು.

ನಮ್ಮವರು ಹೋದರು. ಸುಣ್ಣ ಮಾತ್ರ ನಿಲ್ಲಲಿಲ್ಲ.

ಆಮೇಲೆ ಇವನಿಗೇ ಎದೆಯ ಕಾಯಿಲೆ ಬಂತು. ಆಸ್ಪತ್ರೆಯಲ್ಲಿ ಬಾಗಿಲಿಗೆ ಎದುರಿನ ಮಂಚ. ನಾನು ಗಂಜಿ ಕುಡಿಸುತ್ತಿದ್ದಾಗ, "ಬಲಕ್ಕೆ ಡಾಕ್ಟರು" ಎಂದ, ಉಸಿರಿನಲ್ಲಿ.

"ಕೇಳಿಸ್ತು. ಬಾಯಿ ಮುಚ್ಕೊಂಡು ಕುಡಿ" ಎಂದೆ.

"ಬಾಯಿ ಮುಚ್ಕೊಂಡು ಹೇಗಕ್ಕಾ ಕುಡಿಯೋದು?" ಎಂದು ನಕ್ಕ. ಸ್ವಲ್ಪ ಹೊತ್ತು ಕೆಮ್ಮಿ, ನನ್ನ ಸೆರಗು ಹಿಡಿದುಕೊಂಡ.

"ಅಕ್ಕಾ, ವರದಿ ಬಂದ್ರೆ ನೀವೇ ಅವಳ ತವರಿಗೆ ಹೋಗಿ. ನಿಮಗೆ ಓದೋಕೆ ಬರಲ್ಲ, ಗೊತ್ತು. ಓದೋದೇನೂ ಬೇಡ. ಬಾಗಿಲಲ್ಲಿ ನಿಂತು, 'ಅವನು ಕೂಗಿದ್ದ' ಅಂತ ಕೂಗಿ. ಅವಳು 'ಕೇಳಿಸ್ತು' ಅನ್ನೋವರೆಗೂ ಅಲ್ಲಿಂದ ಕದಲಬೇಡಿ."