ಅಗಿಯದೆ ನುಂಗಿದ ಮೂರು ತುತ್ತು

ಮೊಮ್ಮಗಳಿಗೆ ಕೆಳಗಡೆ ಎರಡು ಹಲ್ಲು ಮೂಡಿವೆ. ಬೆರಳಿಟ್ಟರೆ ಅಕ್ಕಿಕಾಳಿನ ತುದಿಯಂತೆ ಚುಚ್ಚುತ್ತವೆ. ಮೊಳಕಾಲ್ಮೂರಿನ ನಮ್ಮ ಬೀದಿಯಲ್ಲಿ ಈ ಸುದ್ದಿ ಕೇಳದವರಿಲ್ಲ. ಹಾಲಿನವನಿಗೂ ಹೇಳಿದ್ದೇನೆ, ರೇಷ್ಮೆ ನೂಲು ತರುವವನಿಗೂ ಹೇಳಿದ್ದೇನೆ, ಮತ್ತೆ ಸಿಕ್ಕರೆ ಮತ್ತೆ ಹೇಳುತ್ತೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಬರೆಯುವುದು ನಿಧಾನ. ಆದರೂ ಸಂತೋಷ ತಡೆಯಲಾರದೆ ಬರೆಯಲು ಕೂತರೆ, ಕೈ ಮೊದಲು ಈ ಮಗುವಿನ ತಾಯಿಯ ಕಡೆಗೇ ಹೋಗುತ್ತದೆ. ಅವಳನ್ನು ನಾನು ಹೆಚ್ಚುಕಡಿಮೆ ಕೊಂದೇಬಿಟ್ಟಿದ್ದೆ.

ಮಗಳನ್ನು ಚಳ್ಳಕೆರೆಗೆ ಕೊಟ್ಟಿದ್ದೆವು. ಅಳಿಯನಿಗೆ ಎಣ್ಣೆ ಮಿಲ್ಲಿನಲ್ಲಿ ಕೆಲಸ. ಮದುವೆಯಾದ ಮೇಲೆ ಅವಳ ಮೈ ಏರುತ್ತಲೇ ಹೋಯಿತು. ತವರಿಗೆ ಬಂದಾಗೆಲ್ಲ ಮಗ್ಗದ ಕುಣಿಗೆ ಇಳಿದು ನಾಲ್ಕು ಎಳೆ ನೇಯುತ್ತಿದ್ದವಳು, ಇಳಿದರೆ ಏಳಲಾರದಾದಳು. ಸಕ್ಕರೆ ಕಾಯಿಲೆ ಬಂತು. ಎರಡು ಸಲ ಬಸಿರು ನಿಂತು ಎರಡು ಸಲವೂ ಹೋಯಿತು. "ತಿನ್ನಾಕೆ ಮಾತ್ರ ಹೊಟ್ಟೆ ಐತೆ ನಿಮ್ಮ ಹುಡುಗಿಗೆ" ಎಂದು ಬೀಗಿತ್ತಿ ನನ್ನೆದುರೇ ಅಂದರು. ಮಗಳು ಊಟ ಬಿಟ್ಟಳು, ನಡೆದಳು, ಮಾತ್ರೆ ನುಂಗಿದಳು. ಇಳಿದ ತೂಕ ಮತ್ತೆ ಏರುತ್ತಿತ್ತು.

ಕೊನೆಗೆ ದಾವಣಗೆರೆಯ ಡಾಕ್ಟರೊಬ್ಬರು ಹೊಟ್ಟೆಗೆ ಪಟ್ಟಿ ಹಾಕುವ ಆಪರೇಷನ್ ಹೇಳಿದರು. ಒಳಗಿನದನ್ನು ಕೊಯ್ದು ತೆಗೆಯುವುದಿಲ್ಲವಂತೆ. ಜಠರದ ಮೇಲ್ಭಾಗಕ್ಕೆ ರಬ್ಬರಿನಂಥ ಪಟ್ಟಿಯೊಂದನ್ನು ಸುತ್ತುತ್ತಾರೆ. ಮೇಲೆ ಪುಟ್ಟ ಚೀಲ, ಕೆಳಗೆ ದೊಡ್ಡದು, ನಡುವೆ ಕಿರಿದಾದ ದಾರಿ. ಮೇಲಿನದು ನಾಲ್ಕು ತುತ್ತಿಗೇ ತುಂಬುವುದರಿಂದ ಹಸಿವು ಅಡಗುತ್ತದೆ. ಚರ್ಮದ ಕೆಳಗೆ ಒಂದು ಬಿಲ್ಲೆ ಇಟ್ಟು ಸಣ್ಣ ಕೊಳವೆಯಿಂದ ಪಟ್ಟಿಗೆ ಸೇರಿಸಿರುತ್ತಾರೆ. ಸೂಜಿಯಿಂದ ಅದರೊಳಕ್ಕೆ ಉಪ್ಪುನೀರು ಬಿಟ್ಟರೆ ಪಟ್ಟಿ ಬಿಗಿ, ತೆಗೆದರೆ ಸಡಿಲ.

"ಚೀಲದ ಕುತ್ತಿಗೆಗೆ ದಾರ ಕಟ್ಟಿದಂಗೆ, ಅಲ್ಲೇನ್ರಿ?" ಅಂದೆ.

"ಹೌದಮ್ಮ. ಆದ್ರೆ ಪಟ್ಟಿ ಅರ್ಧ ಕೆಲಸ ಮಾಡುತ್ತೆ, ಇನ್ನರ್ಧ ಇವರೇ ಮಾಡ್ಬೇಕು. ಏನು ತಿಂದ್ರೂ ಅಗಿದು ನುಣ್ಣಗೆ ಮಾಡಿ ನುಂಗ್ಬೇಕು."

ತಲೆಯಾಡಿಸಿದೆ. ಎಲ್ಲ ತಿಳಿಯಿತು ಅಂದುಕೊಂಡೆ.

ಆಪರೇಷನ್ ಆಗಿ ಎರಡು ತಿಂಗಳಿಗೆ, ಪಟ್ಟಿಯನ್ನು ಮೊದಲ ಸಲ ಬಿಗಿಸಿದ ಮೇಲೆ, ತವರಿಗೆ ಬಂದಳು. ಪುಟ್ಟ ಬಟ್ಟಲಿನಲ್ಲಿ ಮೆತ್ತಗಿನ ಅನ್ನ ಬೇಳೆ ಹಾಕಿಕೊಂಡು ಅರ್ಧ ಗಂಟೆ ಅಗಿಯುತ್ತಾ ಕೂರುವಳು. ಕೆನ್ನೆ ಒಳಗೆ ಹೋಗಿತ್ತು. ಬಾಚಣಿಗೆಗೆ ಕೂದಲು ಹಿಡಿ ಹಿಡಿ ಬರುತ್ತಿತ್ತು. ನಾನು ಮುದ್ದೆ ತಿರುವಿ ಹುರುಳಿ ಸಾರಿನ ಜೊತೆ ಅವಳ ಮುಂದಿಟ್ಟೆ.

"ಒಂದಿಷ್ಟು ಮುದ್ದೆ ಉಣ್ಣವ್ವ."

"ಬ್ಯಾಡವ್ವ, ಅಗೀಬೇಕು ಅಂದಾರೆ."

"ಮುದ್ದೇನ ಯಾರಾದ್ರೂ ಅಗೀತಾರೇನೆ? ಅದಕ್ಕೆ ಹಲ್ಲೇ ಬ್ಯಾಡ. ತಾನೇ ಜಾರ್ಕೊಂಡು ಹೋಗ್ತೈತೆ."

ನಮ್ಮ ಕಡೆ ಮುದ್ದೆಯನ್ನು ಅಗಿಯುವವರಿಲ್ಲ. ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗುತ್ತೇವೆ. ಅಗಿಯುವ ಮಕ್ಕಳನ್ನು ಗದರಿಸಿ ನುಂಗಲು ಕಲಿಸುತ್ತೇವೆ. ಇವಳಿಗೆ ಕಲಿಸಿದವಳೂ ನಾನೇ. ಡಾಕ್ಟರು ಅಗಿಯಿರಿ ಅಂದದ್ದು ಅಗಿಯುವಂಥ ಪದಾರ್ಥಕ್ಕೆ, ಹಲ್ಲು ತಾಗದೆ ಇಳಿಯುವುದಕ್ಕೆ ಆ ಮಾತು ಯಾಕೆ ಎಂದುಕೊಂಡೆ. ಹುರುಳಿ ಸಾರಿನ ವಾಸನೆಗೆ ಅವಳಿಗೂ ಆಸೆಯಾಗಿತ್ತು. ನಾನೇ ತುತ್ತು ಕಟ್ಟಿ ಬಾಯಿಗಿಟ್ಟೆ. ಒಂದು. ಎರಡು. ಮೂರನೆಯದಕ್ಕೆ ಎದೆ ಹಿಡಿದುಕೊಂಡಳು.

ಎದೆಯ ನಡುವೆ ಕಲ್ಲು ಕೂತಂತೆ ಎಂದು ಕೈಯಲ್ಲೇ ತೋರಿಸಿದಳು. ಉಗುಳು ಕೂಡ ಒಳಗೆ ಇಳಿಯದೆ ಬಾಯಿಂದ ಲೋಳೆ ಎಳೆಯಾಗಿ ಸುರಿಯಿತು. ನಾನು ಅದರ ಮೇಲೆ ಇನ್ನೊಂದು ತಪ್ಪು ಮಾಡಿದೆ: ತಳ್ಳಿಕೊಂಡು ಹೋಗಲಿ ಎಂದು ಚೆಂಬಿನಿಂದ ನೀರು ಕುಡಿಸಿದೆ. ಅದು ಮೂಗಿನಲ್ಲೂ ಬಂತು. "ಏಮೈಂದಕ್ಕಾ?" ಏನಾಯಿತು ಎಂದು ಪಕ್ಕದ ಮನೆಯ ತೆಲುಗಿನವಳು ಓಡಿಬಂದಳು. ಯಜಮಾನರು ಮಗ್ಗದಿಂದೆದ್ದು ಕಾರು ಕರೆಯಲು ಓಡಿದರು. ಚಳ್ಳಕೆರೆಯಲ್ಲಿ ಅಳಿಯ ಹತ್ತಿಕೊಂಡ. ದಾವಣಗೆರೆ ಮುಟ್ಟುವವರೆಗೂ ಮಗಳು ಬಟ್ಟಲಿಗೆ ಉಗುಳುತ್ತಲೇ ಇದ್ದಳು. ಅಳಿಯ ಅವಳ ಬೆನ್ನು ನೀವುತ್ತಿದ್ದ. ತಿಂದದ್ದೇನೆಂದು ನಾನು ಅವನಿಗೆ ಹೇಳಿರಲಿಲ್ಲ.

ಡಾಕ್ಟರು ಸೂಜಿ ಚುಚ್ಚಿ ಪಟ್ಟಿಯ ನೀರು ತೆಗೆದರು. ಸ್ವಲ್ಪ ಹೊತ್ತಿಗೆ ತುತ್ತು ಇಳಿಯಿತು.

"ಏನು ತಿಂದ್ರಿ?"

"ಅನ್ನ ಸಾರ್. ಅವಸರ ಮಾಡ್ಕೊಂಡು ತಿಂದೆ" ಅಂದಳು, ನನ್ನ ಕಡೆ ನೋಡದೆ.

ಪಕ್ಕದಲ್ಲೇ ಅಳಿಯ ನಿಂತಿದ್ದ. ನಾನು ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು.

"ಮುದ್ದೆ ಸಾರ್. ನುಂಗಿಸಿದೋಳು ನಾನು."

ಡಾಕ್ಟರು ಗದರಲಿಲ್ಲ. ಪದೇ ಪದೇ ಹೀಗೆ ಸಿಕ್ಕಿಕೊಂಡು ವಾಂತಿಯಾದರೆ ಪಟ್ಟಿ ಜಾರಬಹುದು, ಜಠರಕ್ಕೆ ರಕ್ತ ಹರಿಯುವುದು ನಿಂತು ಜೀವಕ್ಕೇ ಅಪಾಯ ಎಂದರು. ತಿಂಗಳಾದ ಮೇಲೆ ಪಟ್ಟಿಯನ್ನು ಮತ್ತೆ ಬಿಗಿಸಿದರು.

ಬೀಗಿತ್ತಿ ಒಂದು ವರ್ಷ ಅವಳನ್ನು ತವರಿಗೆ ಕಳಿಸಲಿಲ್ಲ. "ಬಾಣಂತನಕ್ಕೂ ನಿಮ್ಮ ಕೈಗೆ ಕೊಡಲ್ಲ" ಎಂದು ಫೋನಿನಲ್ಲಿ ಹೇಳಿದರು. ಒಂದು ಮಧ್ಯಾಹ್ನ ಒಬ್ಬಳೇ ಕೂತು ಮುದ್ದೆ ಅಗಿದು ನೋಡಿದೆ. ಎಷ್ಟು ಅಗಿದರೂ ಅಂಟು ಬಿಡಲಿಲ್ಲ. ಡಾಕ್ಟರ ಮಾತು ಅವತ್ತು ತಿಳಿಯಿತು. ಗಂಟಲಲ್ಲಿ ಜಾರಿದ್ದೆಲ್ಲ ಪಟ್ಟಿಯ ಕಿರಿದಾದ ದಾರಿಯಲ್ಲಿ ಜಾರುವುದಿಲ್ಲ.

ಮಗಳ ತೂಕ ನಿಧಾನವಾಗಿ ಇಳಿಯಿತು, ಸಕ್ಕರೆ ಹತೋಟಿಗೆ ಬಂತು. ಎರಡು ವರ್ಷಕ್ಕೆ ಬಸಿರಾದಳು. ಹೊಟ್ಟೆಯ ಕೂಸಿಗೆ ಆಹಾರ ಸಾಲಲಿ ಎಂದು ಡಾಕ್ಟರು ಪಟ್ಟಿ ಸಡಿಲಿಸಿದರು. ಒಂಬತ್ತು ತಿಂಗಳೂ ಫೋನು ಬಡಿದುಕೊಂಡಾಗೆಲ್ಲ ಕೈಯ ಕೆಲಸ ಬಿಟ್ಟು ಓಡುತ್ತಿದ್ದೆ. ಕೊನೆಗೊಂದು ದಿನ ಬೀಗಿತ್ತಿಯೇ ಮಾಡಿದರು. "ಹೆಣ್ಣು ಕಣ್ರಿ. ಇಬ್ರೂ ಚೆನ್ನಾಗವ್ರೆ. ಬರ್ರಿ" ಅಂದರು. ಆ "ಬರ್ರಿ" ಕೇಳಿ ನನಗೆ ಅಳು ಬಂತು.

ಬಾಣಂತನ ಚಳ್ಳಕೆರೆಯಲ್ಲೇ ಮುಗಿಸಿ, ಈಗ ತಾಯಿ ಮಗು ಇಬ್ಬರೂ ನಮ್ಮ ಮನೆಗೆ ಬಂದಿದ್ದಾರೆ. ಮುಂದಿನ ತಿಂಗಳು ಪಟ್ಟಿಯನ್ನು ಮತ್ತೆ ಬಿಗಿಸಬೇಕು. ಮಗಳು ಹೇಳುವುದಿಲ್ಲ, ಆದರೆ ಹೆದರಿದ್ದಾಳೆ. ನಿನ್ನೆ ಮಗುವಿಗೆ ರಾಗಿ ಸರಿ ಕಾಸಿ ಬಟ್ಟಲನ್ನು ನನ್ನ ಮುಂದಿಟ್ಟಳು.

"ನೀನೇ ತಿನ್ನಿಸವ್ವ" ಅಂದೆ.

"ನನ್ನ ಊಟ ಮುಗಿಯೋಕೆ ಅರ್ಧ ಗಂಟೆ ಬೇಕು. ಅಷ್ಟರಾಗೆ ಇವಳು ಊರು ಒಂದು ಮಾಡ್ತಾಳೆ. ತಗೋ."

ಚಮಚದ ತುದಿಗೆ ಮಾತ್ರ ಸರಿ ತೆಗೆದುಕೊಂಡು ಬಾಯಿಗೆ ಹಿಡಿದೆ. ಮಗು ಬಾಯಿ ತೆರೆದು, ಆ ಎರಡೇ ಹಲ್ಲಿನಿಂದ ಚಮಚ ಕಚ್ಚಿ ಹಿಡಿದುಕೊಂಡಿತು. ಮಗಳು ನಗುತ್ತಾ ತನ್ನ ತುತ್ತು ಅಗಿಯುತ್ತಿದ್ದಳು. ಮಗು ತಾನಾಗಿ ಬಿಡುವವರೆಗೂ ನಾನು ಚಮಚ ಎಳೆಯಲಿಲ್ಲ.