ಗ್ಯಾರೇಜಿನಲ್ಲಿ ಬಡಿಸಿದ ಊಟ

ಇಂದು ಬೆಳಿಗ್ಗೆ ಕಸದ ಡಬ್ಬಿ ತೆಗೆಯಲು ಗ್ಯಾರೇಜಿಗೆ ಹೋದೆ. ಹ್ಯೂಸ್ಟನ್ನಿನ ಬಿಸಿಲಿಗೆ ಮುಚ್ಚಿದ ಗ್ಯಾರೇಜು ಒಂದು ಬಗೆಯ ನಾತ ಹೊಡೆಯುತ್ತದೆ. ಹುಲ್ಲು ಕತ್ತರಿಸುವ ಯಂತ್ರದ ಪೆಟ್ರೋಲು, ಕಾದ ರಟ್ಟು, ಹಳೆಯ ಟೈರು ಎಲ್ಲ ಸೇರಿ. ನನಗೆ ಅದರೊಳಗೆ ಕೋಳಿ ಸಾರಿನ ವಾಸನೆಯೂ ಬರುತ್ತದೆ. ಯಾಕೆಂದು ಹೇಳುತ್ತೇನೆ. ಓದಿದ್ದು ಏಳನೆಯ ತರಗತಿ, ಬರೆದು ಅಭ್ಯಾಸವಿಲ್ಲ. ಮಾತು ಅಲ್ಲಿ ಇಲ್ಲಿ ಅಲೆದರೆ ಸಹಿಸಿಕೊಳ್ಳಿ.

ನನ್ನನ್ನು ಈ ದೇಶಕ್ಕೆ ಕರೆಸಿಕೊಂಡವಳು ತಂಗಿ ಶೀಲಾ. ಕೊಳ್ಳೇಗಾಲದ ಕಡೆಯ ಹುಡುಗಿ ನರ್ಸಿಂಗ್ ಓದಿ ಬಂದು, ಹ್ಯೂಸ್ಟನ್ ಪಕ್ಕದ ಸ್ಟಾಫರ್ಡಿನಲ್ಲಿ ಮನೆ ಮಾಡಿ, ಗಂಡ ತೀರಿಕೊಂಡ ನನ್ನನ್ನೂ ಜೊತೆಗಿಟ್ಟುಕೊಂಡಳು. ಅವಳಿಗೆ ಆಸ್ಪತ್ರೆ, ನನಗೆ ಅಡಿಗೆಮನೆ. ಜೊತೆಗೆ ಅವಳಿಗೊಂದು ಚರ್ಚಿನ ಕೆಲಸ. ಯುದ್ಧಕ್ಕೆ ಹೆದರಿ ಊರು ಬಿಟ್ಟ ಕುಟುಂಬಗಳನ್ನು ಏರ್‌ಪೋರ್ಟಿನಲ್ಲಿ ಎದುರುಗೊಳ್ಳುವುದು, ಅವರ ಅಪಾರ್ಟ್‌ಮೆಂಟಿಗೆ ಮಂಚ, ಪಾತ್ರೆ ಹೊಂದಿಸುವುದು, ಬಂದ ದಿನ ಬಿಸಿ ಊಟ ಒಯ್ದು ಕೊಡುವುದು.

"ಭಾನುವಾರ ಹಾಡಿ ಬಂದ್ರೆ ಸಾಲದಾ ನಿಂಗೆ? ಊರೋರ ಮಂಚ ಎಲ್ಲ ಹೊರಬೇಕಾ?" ಎಂದು ರೇಗಿಸುತ್ತಿದ್ದೆ.

"ನಂಗೆ ಹಾಡೋಕೆ ಬರಲ್ವಲ್ಲಕ್ಕ, ಅದಕ್ಕೆ ಹೊರ್ತೀನಿ."

ನನ್ನ ಭಕ್ತಿಯೇ ಬೇರೆ. ತಿಂಗಳಿಗೊಂದು ಶನಿವಾರ ಕನ್ನಡದ ಕ್ರೈಸ್ತರು ಯಾರದಾದರೂ ಮನೆಯಲ್ಲಿ ಸೇರಿ, ಪ್ರಾರ್ಥಿಸಿ, ಒಟ್ಟಿಗೆ ಉಣ್ಣುತ್ತಿದ್ದೆವು. ಓದಲು ಬಂದ ಹುಡುಗರು ಬರುತ್ತಿದ್ದರು. ದ ವುಡ್‌ಲ್ಯಾಂಡ್ಸ್ ಎಂಬ ಸಿರಿವಂತರ ಬಡಾವಣೆಯಿಂದ ದೊಡ್ಡ ಕಾರಿನಲ್ಲಿ ಒಬ್ಬರು ಬರುತ್ತಿದ್ದರು. ನನಗಿಂತ ಚಿಕ್ಕವರು, ಆದರೂ ಆ ಕಾರು ನೋಡಿ ನಾನವರನ್ನು ಆಂಟಿ ಎನ್ನುತ್ತಿದ್ದೆ. ಅವರು ನನ್ನ ಸಾರು ಹೊಗಳಿದರೆ ವಾರವೆಲ್ಲ ಬೀಗುತ್ತಿದ್ದೆ.

ಒಂದು ಬೇಸಿಗೆಯಲ್ಲಿ ನಮ್ಮ ಮನೆಯ ಸರದಿ ಬಂತು. ಕಾಂಗೋ ದೇಶದಿಂದ ಆಗಷ್ಟೇ ಬಂದಿದ್ದ ಒಬ್ಬ ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳನ್ನು ಶೀಲಾ ಕರೆದಿದ್ದಳು. ತಾಯಿಯ ಹೆಸರು ಎಸ್ತೇರ್. ನಮ್ಮವ್ವನ ಹೆಸರೂ ಅದೇ. "ನಂಗೆ ಡ್ಯೂಟಿ ಇದೆ, ಬರೋದು ಲೇಟ್ ಆಗುತ್ತೆ. ನಮ್ಮ ಜೊತೇಲೇ ಕೂರ್ಸಕ್ಕ" ಎಂದು ಹೇಳಿ ಹೋದಳು. ಸ್ವಲ್ಪ ಹೊತ್ತಿಗೆ ವುಡ್‌ಲ್ಯಾಂಡ್ಸಿನ ಆಂಟಿಯ ಫೋನು.

"ಅವರ್ಯಾರೋ ಬರ್ತಿದಾರಂತೆ? ರೆಫ್ಯೂಜಿ ಕ್ಯಾಂಪಿಂದ ಬಂದೋರು, ಏನೇನ್ ಕಾಯಿಲೆನೋ. ನಮ್ ಮಕ್ಕಳೂ ಇರ್ತಾರೆ. ನೀವೇ ಸ್ವಲ್ಪ ನೋಡ್ಕೊಳ್ಳಿ."

ನೋಡಿಕೊಂಡೆ. ಗ್ಯಾರೇಜು ಗುಡಿಸಿ, ಮಡಿಸುವ ಮೇಜಿಗೆ ಹೂವಿನ ಬಟ್ಟೆ ಹಾಸಿ, ಒಂದು ಫ್ಯಾನ್ ಇಟ್ಟೆ. ಮಕ್ಕಳಿಗೆ ಆಡಲು ಜಾಗ, ತಾಯಿಗೆ ನಮ್ಮ ಕನ್ನಡ ಕೇಳುವ ಕಾಟವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಚರ್ಚಿನವರು ಅವರನ್ನು ಮುಂಬಾಗಿಲಿಗೆ ತಂದುಬಿಟ್ಟರು. ನಾನು ನಗುತ್ತಲೇ ಎಸ್ತೇರಳ ಕೈ ಹಿಡಿದು, ಸೋಫಾದಲ್ಲಿ ಕೂತವರ ಮುಂದಿನಿಂದ ನಡೆಸಿಕೊಂಡು, ಗ್ಯಾರೇಜಿನೊಳಗೆ ಕೂರಿಸಿದೆ. ತಟ್ಟೆಗೆ ಎಲ್ಲರಿಗಿಂತ ಹೆಚ್ಚು ತುಂಡು ಹಾಕಿದೆ. ಆಕೆ ಮಕ್ಕಳ ಕೈ ಹಿಡಿದು ಕಣ್ಣು ಮುಚ್ಚಿ ಬಹಳ ಹೊತ್ತು ಪ್ರಾರ್ಥಿಸಿದಳು. ಸಾರು ಆರಿತು.

ಅಷ್ಟರಲ್ಲಿ ಮನೆಯೊಳಗೆ ಕೀರ್ತನೆ ಶುರುವಾಯಿತು. ಎಸ್ತೇರ್ ತಲೆಯೆತ್ತಿದಳು. ಅದೇ ರಾಗವನ್ನು ತನ್ನ ಭಾಷೆಯಲ್ಲಿ ಎತ್ತಿಕೊಂಡಳು, ಮಕ್ಕಳೂ ದನಿಗೂಡಿಸಿದರು. ನಾನು ಸೌಟು ಹಿಡಿದು ಮನೆಗೂ ಗ್ಯಾರೇಜಿಗೂ ನಡುವಿನ ಬಾಗಿಲಲ್ಲಿ ನಿಂತಿದ್ದೆ. ನಮ್ಮವರಿಗಿಂತ ಅವರೇ ಚೆನ್ನಾಗಿ ಹಾಡಿದರು. ಒಳಗಿಂದ ಒಬ್ಬ ಹುಡುಗ ಕೂಗಿದ: "ಆಂಟಿ, ಡೋರ್ ಕ್ಲೋಸ್ ಮಾಡ್ತೀರಾ? ಎಸಿ ಎಲ್ಲ ಹೋಗ್ತಿದೆ."

ಒಳಗೆ ಬಂದು ಮುಚ್ಚಿದೆ.

ಈ ಊರಿನಲ್ಲಿ ಅತಿಥಿಗಳಿಗೆ ಮುಂಬಾಗಿಲು, ಮನೆಯವರು ಬರುವುದು ಗ್ಯಾರೇಜಿನಿಂದ. ಅದೊಂದು ನನ್ನ ತಲೆಗೆ ಹೊಳೆದಿರಲಿಲ್ಲ. ಗ್ಯಾರೇಜಿನ ದೊಡ್ಡ ಬಾಗಿಲು ಮೇಲೇಳುವ ಸದ್ದು ಕೇಳಿ ಓಡಿದೆ. ಶೀಲಾ ಕಾರಿನಲ್ಲಿ ಕೂತು ರಿಮೋಟ್ ಒತ್ತಿದ್ದಳು. ಅವಳ ಎದುರಿಗೆ ಬೆವರಿನಲ್ಲಿ ತೊಯ್ದ ಮೂವರು, ಕೈಯಲ್ಲಿ ತುತ್ತು. ಅವಳು ಇಳಿದು ಬಂದು, ಒಂದು ಬಕೆಟ್ ಬೋರಲು ಹಾಕಿ, ಯೂನಿಫಾರ್ಮಿನಲ್ಲೇ ಅವರ ಪಕ್ಕ ಕೂತಳು. "ನಂಗೂ ಇಲ್ಲೇ ಹಾಕಕ್ಕ" ಎಂದಳು. ಬಡಿಸಿದೆ.

ಎಲ್ಲರೂ ಹೋದ ಮೇಲೆ ಪಾತ್ರೆ ಒರೆಸುತ್ತಾ ಹೇಳಿದಳು: "ಊರಲ್ಲಿ ಯಜಮಾನರ ಮನೆ ಮದುವೇಲಿ ಅವ್ವನ್ನ, ನಮ್ಮಿಬ್ಬರನ್ನ ಕೊಟ್ಟಿಗೆ ಪಕ್ಕ ಕೂರ್ಸಿ ಬಡಿಸಿದ್ರು. ನೀನು ಎಲೆ ಬಿಟ್ಟು ಎದ್ದೋದೆ. ನಾನು ಚಿಕ್ಕೋಳು, ತಿಂದ್ಬಿಟ್ಟೆ. ಇಷ್ಟ್ ವರ್ಷ ನಿನ್ನ ಥರ ಆಗ್ಬೇಕು ಅಂತಿದ್ದೆ ಕಣಕ್ಕ."

ಮುಂದಿನ ವರ್ಷ ಅವಳು ಆಸ್ಟಿನ್ನಿಗೆ ಶಿಫ್ಟ್ ಆದಳು. ಕೆಲಸ ಸಿಕ್ಕಿತು ಎಂದಳು, ಸಿಕ್ಕಿದ್ದೂ ನಿಜ. ಮನೆಯಲ್ಲಿ ನಾನೊಬ್ಬಳೇ ಉಳಿದೆ. ಎಸ್ತೇರ್ ನೆಂಟರಿದ್ದ ಡಲ್ಲಾಸಿಗೆ ಹೋದಳಂತೆ. ವುಡ್‌ಲ್ಯಾಂಡ್ಸಿನ ಆಂಟಿ ಈಗಲೂ ಬರುತ್ತಾರೆ, ಸಾರು ಹೊಗಳುತ್ತಾರೆ. ನನಗೆ ಮಾತ್ರ ಬೀಗಲಾಗುವುದಿಲ್ಲ.

ಇಂದು ಒಳಗೆ ಬಂದವಳೇ ಶೀಲಾಗೆ ಫೋನ್ ಮಾಡಿದೆ. "ಎಸ್ತೇರ್ ಅಡ್ರೆಸ್ ಕೊಡು. ಬಸ್ಸಲ್ಲಿ ಹೋಗಿ ಕ್ಷಮೆ ಕೇಳ್ಕೊಂಡು ಬರ್ತೀನಿ."

ಶೀಲಾ ಹೇಳಿದಳು: "ಗ್ಯಾರೇಜಲ್ಲಿ ಊಟ ಹಾಕೋದು ಈ ದೇಶದ ಮರ್ಯಾದೆ ಅಂತ ಅವತ್ತು ಎಸ್ತೇರ್ ಅವರು ಮಕ್ಕಳಿಗೆ ಹೇಳಿದ್ರಂತೆ. ಮಕ್ಕಳು ಇನ್ನೂ ಹಾಗೇ ತಿಳ್ಕೊಂಡಿದಾರೆ. ನೀನು ಹೋಗಿ ಕಾಲಿಗೆ ಬಿದ್ರೆ ಅವಕ್ಕೆ ಗೊತ್ತಾಗುತ್ತೆ. ಅವರೇನೋ ಕ್ಷಮಿಸ್ತಾರೆ, ಅಂಥೋರು. ನಿಂಗೆ ಹಗುರ ಆಗುತ್ತೆ. ಆ ಮಕ್ಕಳಿಗೆ ಏನ್ ಸಿಗುತ್ತೆ, ಹೇಳು?"

ಅಡ್ರೆಸ್ ಮತ್ತೆ ಕೇಳಲಿಲ್ಲ. ಇಷ್ಟು ದಿನ ಮಲಗುವ ಮುಂಚೆ ದೇವರಲ್ಲಿ ಇದೊಂದಕ್ಕೆ ಕ್ಷಮೆ ಕೇಳಿಕೊಳ್ಳುತ್ತಿದ್ದೆ. ಇನ್ನು ಕೇಳುವುದಿಲ್ಲ. ಕೇಳಿದರೆ ಅವನು ಕೊಟ್ಟುಬಿಡುತ್ತಾನೆ.